ಆನೆ ಲದ್ದಿಯಿಂದ ಕಾಗದ ಮಾಡೋ ಶೆಡ್ಡಿಗೆ ಹೋಗಿ ಬಂದೆ. ನಮ್ಮ ಕಡೆ ಇದು ಆಗುತ್ತಾ?

ಮಂಜ್ರಾಬಾದ್ ತೋಟದವಳು

ಹೋದ ತಿಂಗಳು ಅಕ್ಕ, ಅಕ್ಕನ ಮಗಳು, ನಾನು ಮೂವರೂ ಶ್ರೀಲಂಕಾಗೆ ಹೋಗಿದ್ವಿ. ಕೊಲಂಬೊದಿಂದ ಕ್ಯಾಂಡಿಗೆ ಹೋಗೋ ದಾರಿಯಲ್ಲಿ ಕೇಗಾಲೆ ಅಂತ ಸಿಗುತ್ತೆ, ಅದರ ಹತ್ತಿರ ಪಿನ್ನವಲ. ತಾಯಿ ಕಳಕೊಂಡ ಮರಿಯಾನೆಗಳಿಗೆ ಅಂತ 1975ರಲ್ಲಿ ಶುರುವಾದ ಅನಾಥಾಲಯ ಅಲ್ಲಿದೆ. ಬಂದವರೆಲ್ಲ ಮಹಾ ಓಯ ಹೊಳೆಯಲ್ಲಿ ಹಿಂಡು ಮೀಯೋದನ್ನ ನೋಡಿ ಹೊರಡ್ತಾರೆ. ನಾವೂ ನೋಡಿದ್ವಿ. ಆದರೆ ಊರಿಗೆ ಬಂದು ಇಷ್ಟು ದಿನ ಆದರೂ ನನ್ನ ತಲೇಲಿ ಸುತ್ತುತ್ತಾ ಇರೋದು ಅಲ್ಲೇ ಸಮೀಪದ ಒಂದು ಕಾಗದದ ಶೆಡ್ಡು.

ಒಳಗೆ ಕಾಲಿಡೋ ಮುಂಚೆ ಸೆರಗು ಮೂಗಿಗೆ ಹಿಡಿದಿದ್ದೆ. ಬಂದದ್ದು ಬೆಂದ ಹುಲ್ಲಿನ ವಾಸನೆ. ಕೊಟ್ಟಿಗೆ ಪಕ್ಕದ ಹಂಡೇಲಿ ಎತ್ತಿಗೆ ಹುರುಳಿ ಬೇಯಿಸುವಾಗ ಬರುತ್ತಲ್ಲ, ಹೆಚ್ಚುಕಡಿಮೆ ಅದೇ. ಒಣಗಿದ ಲದ್ದಿ ಉಂಡೆಗಳನ್ನ ನೀರಲ್ಲಿ ಬಿಡಿಸಿ, ತೊಳೆದು, ಮತ್ತೆ ತೊಳೆದು, ಕೊನೆಗೆ ನಾರು ಮಾತ್ರ ಉಳಿಸಿಕೊಳ್ತಾರೆ. ಅದನ್ನ ಗಂಟೆಗಟ್ಟಲೆ ಕುದಿಸ್ತಾರೆ. ಹಳೇ ಕಾಗದ ನೆನೆಸಿ ಅರೆದ ತಿರುಳನ್ನ ಜೊತೆಗೆ ಸೇರಿಸಿ ಬೀಟರ್ ಯಂತ್ರದಲ್ಲಿ ಬಡೀತಾರೆ. ಅಂಬಲಿ ಹದಕ್ಕೆ ಬಂದಮೇಲೆ ನೀರಿನ ತೊಟ್ಟಿಗೆ.

ಅಲ್ಲಿ ಒಬ್ಬಾಕೆ ನಿಂತಿದ್ದರು, ನನ್ನ ಅಮ್ಮನ ವಯಸ್ಸು. ಜರಡಿ ಬಿಗಿದ ಮರದ ಚೌಕಟ್ಟನ್ನ ಓರೆಯಾಗಿ ಮುಳುಗಿಸಿ, ಮಟ್ಟವಾಗಿ ಎತ್ತಿ, ಹಿಂದೆ ಮುಂದೆ ಎಡ ಬಲ ಒಂದೊಂದು ಸಲ ಅಲುಗಿಸಿದರು. ಮೊರದಲ್ಲಿ ಅಕ್ಕಿ ಕೇರೋರ ಕೈ ನೋಡಿದ್ದೀರಲ್ಲ, ಹಾಗೆ. ನೀರು ಇಳಿದು ಜರಡಿ ಮೇಲೆ ತೆಳ್ಳಗೆ ಒಂದು ಪದರ ನಿಂತಿತು. ಬಟ್ಟೆ ಮೇಲೆ ಕವುಚಿ ಎತ್ತಿದರೆ ಹಾಳೆ ಬಟ್ಟೆಗೆ ಅಂಟಿಕೊಂಡಿತ್ತು, ಜರಡಿ ಖಾಲಿ. ಹೀಗೆ ಒಂದರ ಮೇಲೊಂದು ಪೇರಿಸಿ, ಪ್ರೆಸ್ಸಲ್ಲಿ ನೀರು ಹಿಂಡಿ, ಬಿಡಿಸಿ ಒಣಗಿಸೋದು. ನಂಗೂ ಒಂದು ಹಾಳೆ ಎತ್ತೋಕೆ ಕೊಟ್ಟರು. ನನ್ನದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಆಕೆ ನಕ್ಕು, ಅದನ್ನ ತೊಟ್ಟಿಗೇ ತೊಳೆದು ಬಿಟ್ಟು ಮತ್ತೊಮ್ಮೆ ಎತ್ತಿಸಿದರು. ಕೆಟ್ಟ ಹಾಳೆ ಅಂತ ಅಲ್ಲಿ ಇಲ್ಲವೇ ಇಲ್ಲ, ಎಲ್ಲ ವಾಪಸ್ ತೊಟ್ಟಿಗೆ.

ಆನೆ ಏನು ತಿಂದಿದೆಯೋ ಅದರ ಮೇಲೆ ಹಾಳೆಯ ಬಣ್ಣವಂತೆ. 'ಕಿತುಲ್' ಅಂತ ಏನೋ ತೋರಿಸಿದರು. ಮೀನಿನ ಬಾಲದ ಹಾಗಿನ ಎಲೆ. ನೋಡಿದರೆ ನಮ್ಮ ಬೈನೆ ಮರ! ಅವರು ಅದರಿಂದ ಬೆಲ್ಲ ಇಳಿಸ್ತಾರೆ, ನಮ್ಮಲ್ಲಿ ಹೆಂಡ. ಆನೆಗೆ ಎರಡೂ ದೇಶದಲ್ಲಿ ಅದೇ ಇಷ್ಟ.

ಅಲ್ಲಿಂದ ಬಂದ ಮೂರನೇ ದಿನ ನಮ್ಮ ತೋಟದ ಕೆರೆ ಏರಿ ಮೇಲೆ ಲದ್ದಿ ಬಿದ್ದಿತ್ತು. ನಮ್ಮ ಮೇಸ್ತ್ರಿ ಎಂದಿನ ಹಾಗೆ ಕೈಯಿಟ್ಟು ಬಿಸಿ ಇದೆಯಾ ನೋಡಿದ. ಬಿಸಿ ಇತ್ತು. ಆವತ್ತು ಯಾರನ್ನೂ ಕೆಲಸಕ್ಕೆ ಬಿಡಲಿಲ್ಲ. ನಾವು ಲದ್ದಿ ಮುಟ್ಟೋದು ಹೆದರಿಕೆಯಿಂದ. ಅಲ್ಲಿ ಅದೇ ಲದ್ದಿ ಮುಟ್ಟಿ ಹತ್ತಾರು ಹೆಂಗಸರು ಮನೆ ನಡೆಸ್ತಾರೆ. ಅದಕ್ಕೆ ಕೇಳ್ತಾ ಇದ್ದೀನಿ, ಸಕಲೇಶಪುರ, ಆಲೂರು, ಬೇಲೂರು ಕಡೆ ಇದನ್ನ ಮಾಡೋಕೆ ದಾರಿ ಇದೆಯಾ?

ಬಿಕ್ಕೋಡು ಬೆಳೆಗಾರ

ತಂಗೀ, ನೀನು ಬರೆದದ್ದು ಓದೋಕೆ ಚೆನ್ನಾಗಿದೆ. ಆದರೆ ಪಿನ್ನವಲದ ಆನೆಗೆ ಮಾವುತ ಇದ್ದಾನೆ. ನಮ್ಮ ತೋಟದ ಆನೆಗೆ ಯಾರಿದ್ದಾರೆ? ಬೆಳಿಗ್ಗೆ ಎದ್ದರೆ ಮೊದಲು ಮೊಬೈಲು ತೆಗೆದು ಆನೆ ಎಲ್ಲಿದೆ ಅಂತ ಮೆಸೇಜ್ ನೋಡ್ತೀವಿ, ಆಮೇಲೆ ಕಾಫಿ. ನಮ್ಮ ಪಕ್ಕದ ಕೂಲಿ ಲೈನಿನ ಹೆಣ್ಣುಮಗಳು ಮೆಣಸು ಕುಯ್ಯೋಕೆ ಅಂತ ಬೆಳಿಗ್ಗೆ ಏಳು ಗಂಟೆಗೆ ಹೋದವಳು ವಾಪಸ್ ಬರಲಿಲ್ಲ. ಅವಳ ಮಗ ಈಗಲೂ ನಮ್ಮಲ್ಲೇ ಕೆಲಸಕ್ಕೆ ಬರ್ತಾನೆ. ಲದ್ದಿ ಆರಿಸೋಕೆ ಯಾರನ್ನ ಕಳಿಸ್ತೀಯಾ ಹೇಳು. ಕೆಜಿಗೆ ಇಷ್ಟು ಅಂತ ದುಡ್ಡು ಕಟ್ಟಿದರೆ ಬಡವರು ಆನೆ ಹಿಂದೇನೇ ಹೋಗ್ತಾರೆ. ಅದು ಬೇಡ.

ಮಂಜ್ರಾಬಾದ್ ತೋಟದವಳು

ಅಣ್ಣಾ, ಈ ಮಾತು ನನಗೆ ಮೊದಲೇ ಹೊಳೀಬೇಕಿತ್ತು. ಬರೆಯೋ ಖುಷಿಯಲ್ಲಿ ಹೊಳೀಲಿಲ್ಲ. ಕೆಜಿ ಲೆಕ್ಕದ ದುಡ್ಡು ಖಂಡಿತ ಬೇಡ.

ಕಾಡಂಚಿನವನು

ನಾನು ಕೆಲವು ವರ್ಷ ಆನೆ ಜಾಡು ಹಿಡಿಯೋ ಕೆಲಸ ಮಾಡಿದವನು. ಎರಡು ವಿಷಯ ಹೇಳ್ತೀನಿ.

ಅಭಯಾರಣ್ಯದೊಳಗಿಂದ ಅನುಮತಿ ಇಲ್ಲದೆ ಯಾವ ಕಾಡುತ್ಪತ್ತಿಯನ್ನೂ ತರುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅದು ಕಾನೂನು. ಇನ್ನೊಂದು ಕಣ್ಣಾರೆ ಕಂಡದ್ದು. ಆನೆ ದಿನಕ್ಕೆ ಸುಮಾರು 150 ಕೆಜಿ ಮೇವು ತಿನ್ನುತ್ತೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣ ಆಗದೆ ಹೊರಗೆ ಬರುತ್ತೆ. ಅದಕ್ಕೇ ಲದ್ದೀಲಿ ನಾರು ಅಷ್ಟು. ಆದರೆ ಕಾಡಲ್ಲಿ ಆ ನಾರು ಬಿಟ್ಟಿ ಬಿದ್ದಿಲ್ಲ. ಹಸಿ ಲದ್ದಿ ಬಿದ್ದ ಸ್ವಲ್ಪ ಹೊತ್ತಿಗೇ ಸಗಣಿ ಹುಳ ಬಂದು ಉಂಡೆ ಕಟ್ಟಿ ಮಣ್ಣಿಗೆ ಇಳಿಸುತ್ತೆ. ಹಲಸಿನ ಕಾಲ ಮುಗಿದು ಮಳೆ ಹಿಡಿದಾಗ ನೋಡಿ, ಹಳೇ ಲದ್ದಿ ಮೇಲೆ ಹಲಸಿನ ಸಸಿ ಗುಂಪುಗುಂಪಾಗಿ ಎದ್ದಿರುತ್ತೆ. ತೋಟದಂಚಲ್ಲಿ ಕಾಫಿ ಗಿಡವೂ ಹಾಗೇ ಹುಟ್ಟೋದುಂಟು. ಆನೆ ತಿಂದು, ನಡೆದು, ಇನ್ನೆಲ್ಲೋ ಬಿತ್ತುತ್ತೆ. ಅದನ್ನ ಎತ್ತಿಕೊಂಡು ಬಂದು ಕಾಗದ ಮಾಡಿದರೆ 'ಪರಿಸರಸ್ನೇಹಿ' ಅನ್ನೋ ಮಾತಿಗೆ ಅರ್ಥ ಇರಲ್ಲ.

ಕಾಡಾನೆ ಲದ್ದಿ ಕಾಡಿಗೇ ಇರಲಿ. ಕ್ಯಾಂಪ್ ಆನೆ ಬೇರೆ ಮಾತು.

ಯಸಳೂರು

ಕ್ಯಾಂಪ್ ಆನೆ ಅಂದಾಗ ನಮಗೆ ಇನ್ನೂ ಕಣ್ಣು ತುಂಬುತ್ತೆ. 2023ರ ಡಿಸೆಂಬರ್ 4, ಅರ್ಜುನ ನಮ್ಮ ಭಾಗದ ಕಾಡಲ್ಲೇ ಹೋದದ್ದು. ಮೈಸೂರು ದಸರಾದಲ್ಲಿ 8 ಸಲ ಅಂಬಾರಿ ಹೊತ್ತವನು, ಕಾಡಾನೆ ಹಿಡಿಯೋಕೆ ಅಂತ ಬಂದು ಒಂಟಿ ಸಲಗದ ಎದುರು ಬಿದ್ದ. ಕಾಗದ ಮಾಡಿದರೆ ಮೊದಲ ಹಾಳೆ ಮೇಲೆ ಅವನ ಹೆಸರು ಬರೀಬೇಕು ಅನ್ನೋದು ನನ್ನ ಆಸೆ. ಬೇರೇನೂ ಇಲ್ಲ.

ಗಾಜನೂರು ದಾರಿ

ಶಿವಮೊಗ್ಗದವನು, ಆದರೆ ಅಜ್ಜಿ ಮನೆ ಮೂಡಿಗೆರೆ, ಹಾಗಾಗಿ ಇಲ್ಲಿ ಬರೆಯೋ ಹಕ್ಕಿದೆ ಅಂದುಕೊಳ್ತೀನಿ. ಕ್ಯಾಂಪ್ ಆನೆ ಅಂದರೆ ನಮ್ಮ ಸಕ್ರೆಬೈಲು ನೆನಪಾಗುತ್ತೆ. ಅಲ್ಲಿ ಬೆಳಿಗ್ಗೆ ತುಂಗೆಯಲ್ಲಿ ಮೀಯಿಸಿ, ಭತ್ತ, ಬೆಲ್ಲ ಎಲ್ಲ ಹುಲ್ಲಲ್ಲಿ ಸುತ್ತಿ ಕುಸುರೆ ಕಟ್ಟಿ ತಿನ್ನಿಸಿ, ಆಮೇಲೆ ಆನೆಗಳನ್ನ ಕಾಡಿಗೆ ಬಿಡ್ತಾರೆ. ರಾತ್ರಿ ಎಲ್ಲ ಕಾಡಲ್ಲೇ. ಮಾವುತ, ಅವನ ಸಹಾಯಕ ಕಾವಾಡಿ ಬೆಳಿಗ್ಗೆ ಹುಡುಕಿಕೊಂಡು ಹೋಗಿ ಕರ್ಕೊಂಡು ಬರ್ತಾರೆ. ಅಂದರೆ ಬಹುಪಾಲು ಲದ್ದಿ ಕಾಡಿಗೇ ಹೋಗುತ್ತೆ, ಕ್ಯಾಂಪಲ್ಲಿ ಸಿಗೋದು ಸ್ವಲ್ಪ. ಆನೆಗೆ ಅದೇ ಒಳ್ಳೇದು. ಕಾಗದಕ್ಕೋಸ್ಕರ ಅದನ್ನ ಕಟ್ಟಿಹಾಕಿ ಅಂತ ಯಾರೂ ಕೇಳಬಾರದು. ಹಾಸನ ಜಿಲ್ಲೆಯಲ್ಲಂತೂ ಅಂಥ ದೊಡ್ಡ ಆನೆ ಬಿಡಾರವೇ ಇಲ್ಲವಲ್ಲ.

ಆಲೂರು ಮೇಷ್ಟ್ರು

ಆನೆಯನ್ನು ಬಿಟ್ಟು ಹಸುವಿನ ಕಡೆ ನೋಡೋಣ. ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಎಂಟನೇ ತರಗತಿ ಮಕ್ಕಳ ಜೊತೆ ಸಗಣಿಯಿಂದ ಕಾಗದ ಮಾಡಿದ್ದೆವು. ನಮ್ಮ ತಪ್ಪುಗಳನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು.

ಮೊದಲ ಸಲ ಬರೀ ಸಗಣಿ. ಗೋಣಿಚೀಲದಲ್ಲಿ ಹಾಕಿ ತಿಳಿನೀರು ಬರುವವರೆಗೆ ತೊಳೆದೆವು. ಒಂದು ಬಕೆಟ್ ಸಗಣಿಯಲ್ಲಿ ಉಳಿದ ನಾರು ಎರಡು ಬೊಗಸೆ. ವಾಷಿಂಗ್ ಸೋಡಾ ಹಾಕಿ ಕುದಿಸಿ, ಮಿಕ್ಸಿಯಲ್ಲಿ ತಿರುಗಿಸಿ, ಹಿಟ್ಟಿನ ಜರಡಿಯಲ್ಲಿ ಎತ್ತಿದೆವು. ಒಣಗಿದ ಮೇಲೆ ಹಪ್ಪಳದಂತೆ ಮುರಿಯಿತು. ಕಾರಣ ಆಮೇಲೆ ತಿಳಿಯಿತು. ಹಸು ಮೆಲುಕು ಹಾಕುವ ಪ್ರಾಣಿ. ತಿಂದದ್ದನ್ನು ಮತ್ತೆ ಬಾಯಿಗೆ ತಂದು ನುಣ್ಣಗೆ ಅಗಿಯುತ್ತದೆ, ಮೇಲೆ ನಾಲ್ಕು ಕೋಣೆಯ ಹೊಟ್ಟೆ. ಆನೆ ಮೆಲುಕು ಹಾಕುವುದಿಲ್ಲ, ಆದ್ದರಿಂದ ಅದರ ಲದ್ದಿಯಲ್ಲಿ ನಾರು ಉದ್ದವಾಗಿಯೇ ಉಳಿಯುತ್ತದೆ. ಸಗಣಿಯ ನಾರು ಚಿಕ್ಕದು, ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಮಿಕ್ಸಿಯ ಅಲಗು ಅದನ್ನು ಇನ್ನಷ್ಟು ಕತ್ತರಿಸಿತ್ತು. ಕಾಗದಕ್ಕೆ ನಾರನ್ನು ಜಜ್ಜಿ ಸಿಗುರೆಬ್ಬಿಸಬೇಕು, ಕತ್ತರಿಸಬಾರದು.

ಎರಡನೇ ಸಲ ಹಳೆಯ ಹತ್ತಿ ಪಂಚೆ ಚೂರುಗಳನ್ನು ಕೊಳೆಹಾಕಿ, ಒರಳಲ್ಲಿ ಕುಟ್ಟಿ, ಸಗಣಿ ನಾರಿನ ಜೊತೆ ಸಮಸಮ ಬೆರೆಸಿದೆವು. ಹಾಳೆ ನಿಂತಿತು! ಮಕ್ಕಳು ಅದರ ಮೇಲೆ ಅಮ್ಮಂದಿರಿಗೆ ಪತ್ರ ಬರೆದರು. ಹಿಂಡಿ ಹೆಚ್ಚು ತಿನ್ನುವ ಸೀಮೆಹಸುವಿನ ಸಗಣಿಗಿಂತ ಬರೀ ಹುಲ್ಲು ತಿನ್ನುವ ಎತ್ತಿನ ಸಗಣಿಯಲ್ಲಿ ನಾರು ಜಾಸ್ತಿ ಸಿಕ್ಕಿತು ಎಂಬುದನ್ನು ಕಂಡುಹಿಡಿದದ್ದು ಒಬ್ಬ ಹುಡುಗಿ. ಅವಳ ಮನೆಯಲ್ಲಿ ಹಳ್ಳಿಕಾರ್ ಜೋಡಿ ಇತ್ತು.

ಜೈಪುರದಲ್ಲಿರೋ ಹಾಸನದವಳು

ಮೇಷ್ಟ್ರೇ, ನೀವು ಒರಳಲ್ಲಿ ಮಾಡಿದ್ದನ್ನೇ ಇಲ್ಲಿ ದೊಡ್ಡದಾಗಿ ಮಾಡ್ತಾರೆ. ಸಾಂಗಾನೇರ್‌ನಲ್ಲಿ ಕಾಗ್ಜಿ ಮನೆತನದವರು ತಲೆಮಾರುಗಳಿಂದ ಕೈಕಾಗದ ಮಾಡ್ತಾ ಬಂದವರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ ಜೈಪುರದಲ್ಲೇ ಇದೆ, ಸಗಣಿ ನಾರನ್ನ ಹತ್ತಿ ಬಟ್ಟೆ ಚೂರಿನ ಜೊತೆ ಸೇರಿಸಿ ಕಾಗದ ಮಾಡೋ ವಿಧಾನ ಅಲ್ಲಿ ರೂಪಿಸಿದ್ದಾರೆ. ಅಂದರೆ ನಿಮ್ಮ ಪಂಚೆ ಲೆಕ್ಕ ಸರಿಯಾಗಿಯೇ ಇದೆ.

ಆನೆ ಲದ್ದಿಯದ್ದೂ ಇಲ್ಲಿದೆ. ಆಮೇರ್ ಕೋಟೆಗೆ ಪ್ರವಾಸಿಗರನ್ನ ಹೊರೋ ಆನೆಗಳ ಲದ್ದಿಯಲ್ಲಿ ನಾರು ಎದ್ದು ಕಾಣೋದನ್ನ ನೋಡಿ, ಮಹಿಮಾ ಮೆಹ್ರಾ ಮತ್ತು ವಿಜೇಂದ್ರ ಶೇಖಾವತ್ ಅನ್ನೋರು 2003ರಲ್ಲಿ 'ಹಾಥಿ ಛಾಪ್' ಶುರು ಮಾಡಿದರು. ಲದ್ದಿ ತೊಳೆದ ನೀರನ್ನ ಚರಂಡಿಗೆ ಬಿಡದೆ ಹೊಲಕ್ಕೆ ಗೊಬ್ಬರವಾಗಿ ಕೊಡೋದು ಅವರ ಕ್ರಮ. ಅಸ್ಸಾಂನಲ್ಲಿ 'ಎಲ್‌ರೈನೋ' ಅಂತ ಇದೆ, ಅವರು ಘೇಂಡಾಮೃಗದ ಲದ್ದಿಯಿಂದಲೂ ಮಾಡ್ತಾರೆ.

ಬಿಸಿಲಲ್ಲಿ ಬೆನ್ನ ಮೇಲೆ ಜನ ಹೊತ್ತು ಕೋಟೆ ಹತ್ತೋ ಆನೆ ನೋಡಿದರೆ ಮಾತ್ರ ನನಗೆ ಸಂಕಟ ಆಗುತ್ತೆ. ಕಾಗದ ಚೆನ್ನಾಗಿದೆ. ಆನೆ ಆ ಕೆಲಸದಲ್ಲಿ ಇರಬಾರದು ಅಂತಲೂ ಅನ್ನಿಸುತ್ತೆ. ಎರಡೂ ಒಟ್ಟಿಗೇ ಅನ್ನಿಸುತ್ತೆ.

ಶುಂಠಿ ಗದ್ದೆ

ಎಲ್ಲರೂ ಸಗಣಿ ಅಂದರೆ 'ತ್ಯಾಜ್ಯ' ಅನ್ನೋ ಹಾಗೆ ಬರೀತಾ ಇದ್ದೀರಿ. ಹಾಸನದ ರೈತನ ಹತ್ತಿರ ಬಂದು ಹೇಳಿ ನೋಡೋಣ. ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರಕ್ಕೆ ಶುಂಠಿಯವರೂ ಕಾಫಿಯವರೂ ಪೈಪೋಟಿ ಮಾಡ್ತಾರೆ. ಸಿಗೋದೇ ಕಷ್ಟ. ಉಳುಮೆಗೆ ಟ್ರ್ಯಾಕ್ಟರ್ ಬಂದಮೇಲೆ ಮನೆಮನೆಯ ಎತ್ತು ಹೋದವು, ತಿಪ್ಪೆ ಸಣ್ಣದಾಯ್ತು. ಈಗ ಇರೋ ಸಗಣಿಯನ್ನೂ ಕಾಗದಕ್ಕೆ ಕೊಟ್ಟರೆ ಮಣ್ಣಿಗೆ ಏನು ಹಾಕೋದು? ಮಣ್ಣಿಗೆ ಹೋಗಬೇಕಾದ್ದು ಮಣ್ಣಿಗೇ ಹೋಗಲಿ.

ಮಂಜ್ರಾಬಾದ್ ತೋಟದವಳು

ಶುಂಠಿ ಗದ್ದೆಯವರೇ, ಒಪ್ಪಿದೆ. ಆದರೆ ಜೈಪುರದ ಅಕ್ಕ ಹೇಳಿದ್ದನ್ನ ಸೇರಿಸಿ ನೋಡಿ. ತೊಳೆದಾಗ ಗೊಬ್ಬರದ ಸಾರ ಬಹಳಷ್ಟು ನೀರಿಗೆ ಇಳಿಯುತ್ತೆ, ಕಾಗದಕ್ಕೆ ಬೇಕಾದ್ದು ಒರಟು ನಾರು ಮಾತ್ರ. ಆ ನೀರು ತೋಟಕ್ಕೆ ಹೋದರೆ ಮಣ್ಣಿಗೆ ದೊಡ್ಡ ನಷ್ಟ ಇಲ್ಲ ಅಂತ ನನಗನ್ನಿಸುತ್ತೆ. ತಪ್ಪಿದ್ದರೆ ತಿದ್ದಿ.

ಚನ್ನರಾಯಪಟ್ಟಣ ಡೇರಿ

ಇನ್ನೂ ಒಳ್ಳೇ ದಾರಿ ಇದೆ ಅಕ್ಕ. ಗೋಬರ್ ಗ್ಯಾಸ್ ಇರೋ ಮನೆಗಳಲ್ಲಿ ಗ್ಯಾಸ್ ತೆಗೆದ ಮೇಲೂ ಸ್ಲರಿಯಲ್ಲಿ ನಾರು ಉಳಿದೇ ಇರುತ್ತೆ. ನಮ್ಮ ಗುಂಡಿಯ ಸ್ಲರಿ ಹೊಲಕ್ಕೆ ಬಿಡೋ ಮುಂಚೆ ಪೈಪು ಕಟ್ಟಿಕೊಳ್ಳದಿರಲಿ ಅಂತ ಜಾಲರಿ ಹಾಕಿ ಸೋಸ್ತೀವಿ. ಜಾಲರಿ ಮೇಲೆ ನಿಲ್ಲೋ ಗಸಿಯನ್ನ ಇಷ್ಟು ದಿನ ತಿಪ್ಪೆಗೆ ಎಸೀತಿದ್ವಿ. ಹಸಿ ಸಗಣಿಯಷ್ಟು ವಾಸನೆಯೂ ಇಲ್ಲ. ಒಲೆಗೆ ಗ್ಯಾಸು, ಹೊಲಕ್ಕೆ ಸ್ಲರಿ, ಕಾಗದಕ್ಕೆ ಗಸಿ. ಬೇಕಾದರೆ ಎರಡು ಚೀಲ ಕೊಡ್ತೀನಿ, ದುಡ್ಡು ಬೇಡ.

ಆಲೂರು ಮೇಷ್ಟ್ರು

ಈ ಯೋಚನೆ ನನಗೆ ಬಂದೇ ಇರಲಿಲ್ಲ. ಒಂದು ಚೀಲ ನಮ್ಮ ಶಾಲೆಗೆ ಇರಲಿ, ಸ್ವಾಮಿ.

ಕೊಪ್ಪದ ಸಿಸ್ಟರ್

ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡೋಳು, ಒಂದು ಮಾತು. ಚಿಕ್ಕಮಗಳೂರು ಕಡೆ, ಅದರಲ್ಲೂ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಭಾಗದಲ್ಲಿ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಈ ಕಾಯಿಲೆ ಉಣ್ಣೆ ಕಚ್ಚೋದರಿಂದ ಬರುತ್ತೆ. ಕಾಡಂಚಲ್ಲಿ ಬಗ್ಗಿ ಲದ್ದಿ, ದರಗು ಆರಿಸೋರಿಗೆ ಉಣ್ಣೆ ಹತ್ತದೇ ಇರಲ್ಲ. ಬಿಕ್ಕೋಡು ಅಣ್ಣ ಹೇಳಿದ ಕಾರಣದ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಕೊಟ್ಟಿಗೆ ಸಗಣಿಯಾದರೂ ತೊಳೆಯೋರು ಕೈಗೆ ಗ್ಲೌಸು, ಕಾಲಿಗೆ ಗಂಬೂಟು ಹಾಕಲಿ. ಗಾಯ ಇದ್ದರೆ ಆವತ್ತು ಆ ಕೆಲಸ ಬೇಡ. ಕುದಿಸೋದನ್ನ ಯಾವ ಕಾರಣಕ್ಕೂ ತಪ್ಪಿಸಬೇಡಿ. ಮೇಷ್ಟ್ರೇ, ಆ ಮಿಕ್ಸಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ ತಾನೆ?

ಆಲೂರು ಮೇಷ್ಟ್ರು

ಇಲ್ಲ ಸಿಸ್ಟರ್, ಅದು ವಿಜ್ಞಾನ ಕೊಠಡಿಯಲ್ಲೇ ಇದೆ. ಗ್ಲೌಸಿನ ಮಾತು ಮಾತ್ರ ಈ ಸಲ ನಡೆಸುತ್ತೇನೆ, ಆಗ ಹಾಕಿಸಿರಲಿಲ್ಲ.

ಅಚ್ಚುಮೊಳೆ

ಹಾಸನದಲ್ಲಿ ಮೂವತ್ತು ವರ್ಷದಿಂದ ಪ್ರಿಂಟಿಂಗ್ ಪ್ರೆಸ್ ಇಟ್ಟವನು. ಕೈಕಾಗದ ತಂದು ಲಗ್ನಪತ್ರಿಕೆ ಮಾಡಿಸೋರು ವರ್ಷಕ್ಕೆ ನಾಲ್ಕೈದು ಜನ ಬರ್ತಾರೆ. ಸೈಜಿಂಗ್, ಅಂದರೆ ಶಾಯಿ ಹೀರದ ಹಾಗೆ ಗಂಜಿ ಹಾಕೋದು, ಅದಿಲ್ಲದ ಕಾಗದದಲ್ಲಿ ಶಾಯಿ ಹರಡುತ್ತೆ, ಅಕ್ಷರದ ಅಂಚು ಮಸುಕಾಗುತ್ತೆ. ಹಾಳೆ ಒಣಗಿದ ಮೇಲೆ ತೆಳು ಗಂಜಿಯಲ್ಲಿ ಅದ್ದಿ ಮತ್ತೆ ಒಣಗಿಸಿ, ಇಲ್ಲವೇ ತಿರುಳಿಗೇ ಗಂಜಿ ಬೆರೆಸಿ. ಪಟಿಕ ಹಾಕೋ ಹಳೇ ಪದ್ಧತಿ ಇದೆ, ಅದು ಜಾಸ್ತಿಯಾದರೆ ಹುಳಿ ಅಂಶದಿಂದ ಕಾಗದ ಬೇಗ ಹಳದಿಯಾಗಿ ಮುರಿಯುತ್ತೆ. ದಪ್ಪ ಒಂದೇ ಸಮ ಇಲ್ಲದಿದ್ದರೆ ಆಫ್‌ಸೆಟ್ ಮೆಷಿನ್ ತಗೊಳ್ಳಲ್ಲ, ಸ್ಕ್ರೀನ್ ಪ್ರಿಂಟ್ ಮಾಡಬಹುದು. ಹತ್ತಿ ಚೂರು ಗಾರ್ಮೆಂಟ್ಸ್ ಕಡೆಯಿಂದ ತರೋದಾದರೆ ಪಾಲಿಯೆಸ್ಟರ್ ಮಿಶ್ರ ಬಾರದ ಹಾಗೆ ನೋಡಿ. ಅದು ನೀರಲ್ಲಿ ನೆನೆಯಲ್ಲ, ನಾರಾಗಿ ಒಡೆಯಲ್ಲ, ಹಾಳೆಯಲ್ಲಿ ಗಂಟಾಗಿ ನಿಲ್ಲುತ್ತೆ.

ಶೃಂಗೇರಿ ಸೀಮೆ

ಗಂಜಿಯ ಮಾತು ಬಂದದ್ದರಿಂದ ನೆನಪಾಯಿತು. ನಮ್ಮ ಸೀಮೆಯಲ್ಲಿ ಲೆಕ್ಕಪತ್ರ ಬರೆಯುತ್ತಿದ್ದದ್ದು ಕಡತದ ಮೇಲೆ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸ ಓದಿದವರು ಬಲ್ಲರು. ಹತ್ತಿ ಬಟ್ಟೆ, ಹುಣಿಸೆ ಬೀಜದ ಅಂಟು, ಎರಡೂ ಇಲ್ಲಿಯವೇ. ಪಟಿಕದ ಬದಲು ಆ ಸರಿಯನ್ನೇ ಒಮ್ಮೆ ಹಾಕಿ ನೋಡಬಾರದೇ?

ಅಚ್ಚುಮೊಳೆ

ನೋಡಬೇಕು. ಹುಣಿಸೆ ಬೀಜದ ಅಂಟು ಗಟ್ಟಿ, ಮಗ್ಗದವರು ನೂಲಿಗೆ ಅದನ್ನೇ ಹಾಕ್ತಿದ್ದರು. ಹುಳ ಹಿಡಿಯದ ಹಾಗೆ ಏನಾದರೂ ಸೇರಿಸಬೇಕಾಗುತ್ತೆ.

ಅರಸೀಕೆರೆ ತೆಂಗು

ಯಾರೂ ಬಿಸಿಲಿನ ಮಾತೇ ಎತ್ತಲಿಲ್ಲ. ಸಕಲೇಶಪುರದಲ್ಲಿ ಹಾಳೆ ಎಲ್ಲಿ ಒಣಗಿಸ್ತೀರಿ? ಡಿಸೆಂಬರ್‌ನಿಂದ ಮಾರ್ಚ್ ತನಕ ಬಿಸಿಲಿದೆ, ಆದರೆ ಕಣದ ತುಂಬ ಕಾಫಿ. ಜೂನ್ ಬಂದರೆ ಕಣ ಖಾಲಿ, ಆದರೆ ಮಳೆ. ಮಳೆಗಾಲದಲ್ಲಿ ನಿಮ್ಮಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗಲ್ಲ, ಒಲೆ ಮೇಲೆ ಹರಡಿಕೊಳ್ತೀರಿ. ನಮ್ಮಲ್ಲಿ ವರ್ಷದ ಬಹುಪಾಲು ಬಿಸಿಲು. ಡೇರಿ ಹಸು ಬೇಕಾದಷ್ಟು, ತೆಂಗಿನ ನಾರಿದೆ. ಶೆಡ್ಡು ನಮ್ಮ ಕಡೆ ಹಾಕಿ.

ಕಾಡಂಚಿನವನು

ನೀರು?

ಅರಸೀಕೆರೆ ತೆಂಗು

ಅದೇ ನಮ್ಮ ಕಷ್ಟ. ಬೋರ್‌ವೆಲ್ ಎಷ್ಟು ಆಳ ಕೊರೆದರೂ ನಂಬೋ ಹಾಗಿಲ್ಲ. ತೊಳೆಯೋಕೆ, ಕುದಿಸೋಕೆ, ತೊಟ್ಟಿಗೆ, ಎಲ್ಲಕ್ಕೂ ನೀರೇ. ಒಪ್ಪಿಕೊಳ್ತೀನಿ.

ಮಂಜ್ರಾಬಾದ್ ತೋಟದವಳು

ನೀರಿನ ವಿಚಾರ ನನಗೆ ತುಂಬಾ ಮುಖ್ಯ. ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಯಂತ್ರದ ನೀರು ಹಳ್ಳಕ್ಕೆ ಬಿಟ್ಟು ಮೀನು ಸತ್ತದ್ದನ್ನ ನಾನು ಚಿಕ್ಕವಳಿದ್ದಾಗ ನೋಡಿದ್ದೀನಿ, ನಮ್ಮ ತೋಟದಿಂದಲೂ ಹೋಗಿತ್ತು. ಹೇಮಾವತಿಗೆ ಇನ್ನೊಂದು ಕೊಳಕು ನೀರು ಸೇರಿಸೋ ಕೆಲಸಕ್ಕೆ ನಾನು ಬರಲ್ಲ. ಸೋಡಾ ಹಾಕಿ ಕುದಿಸಿದ ನೀರು ಬೇರೆ ತೊಟ್ಟಿ, ಬರೀ ತೊಳೆದ ನೀರು ಬೇರೆ ತೊಟ್ಟಿ. ತೊಳೆದ ನೀರು ತೋಟಕ್ಕೆ. ಹಾಳೆ ಎತ್ತೋ ತೊಟ್ಟಿಯ ನೀರನ್ನ ಅಲ್ಲಿ ಚೆಲ್ಲದೆ ಮತ್ತೆ ಮತ್ತೆ ಬಳಸ್ತಿದ್ದರು, ಅದನ್ನ ನಾವೂ ಮಾಡಬಹುದು.

ಹಾಗೆ ನೋಡಿದರೆ ಮಲೆನಾಡಲ್ಲಿ ನೀರಿದೆ, ಬಿಸಿಲಿಲ್ಲ. ಬಯಲುಸೀಮೆಯಲ್ಲಿ ಬಿಸಿಲಿದೆ, ನೀರಿಲ್ಲ. ನಡುವೆ ಇರೋದು ಬೇಲೂರು. ಅರೆಮಲೆನಾಡು, ಯಗಚಿ ಇದೆ, ಮಳೆ ನಮ್ಮಷ್ಟು ಇಲ್ಲ.

ಹಳೇಬೀಡು ರಸ್ತೆ

ಬೇಲೂರು ಅಂದ ಕೂಡಲೇ ಕೈ ಎತ್ತಿದೆ! 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಬಂದವರು ಕೊಂಡುಕೊಳ್ಳೋಕೆ ನಮ್ಮಲ್ಲಿ ಏನಿದೆ? ಅಂಗಡಿಗಳಲ್ಲಿ ಹೊರಗಿಂದ ಬಂದ ಪ್ಲಾಸ್ಟಿಕ್ ಸಾಮಾನೇ ಜಾಸ್ತಿ. ಹೊಯ್ಸಳೇಶ್ವರ ಗುಡಿ ಗೋಡೆಯ ಕೆಳಗಿನ ಸಾಲಲ್ಲಿ ಗುಡಿಯನ್ನೇ ಹೊತ್ತ ಹಾಗೆ ಆನೆಗಳು ಸಾಲಾಗಿ ನಡೀತವೆ. ಆ ಆನೆ ಸಾಲನ್ನ ಸ್ಕ್ರೀನ್ ಪ್ರಿಂಟ್ ಮಾಡಿದ ಒಂದು ಸಣ್ಣ ನೋಟ್‌ಬುಕ್ ನಮ್ಮ ಸ್ತ್ರೀಶಕ್ತಿ ಸಂಘದವರು ಮಾಡಿ ಮಾರಿದರೆ ಎಷ್ಟು ಚೆಂದ. ಹಿತ್ತಲಲ್ಲಿ ನಮ್ಮ ಹಳೇ ಮನೆಯ ಜಗುಲಿ ಖಾಲಿ ಇದೆ, ಬಾವಿ ಇದೆ.

ಬಿಕ್ಕೋಡು ಬೆಳೆಗಾರ

ಹಸುವಿನ ಸಗಣಿಯ ಕಾಗದದ ಮೇಲೆ ಆನೆ ಚಿತ್ರ ಹಾಕಿ 'ಆನೆ ಕಾಗದ' ಅಂತ ಮಾರಬೇಡಿ. ಅದು ಸುಳ್ಳಾಗುತ್ತೆ.

ಹಳೇಬೀಡು ರಸ್ತೆ

ಸರಿ ಅಣ್ಣ. 'ಸಗಣಿ ಕಾಗದ' ಅಂತಲೇ ದಪ್ಪಕ್ಷರದಲ್ಲಿ ಹಾಕೋಣ.

ಮಂಜ್ರಾಬಾದ್ ತೋಟದವಳು

ಹಾಗಾದರೆ ಬರೋ ಭಾನುವಾರ ಹಳೇಬೀಡು ರಸ್ತೆಯವರ ಜಗುಲಿಯಲ್ಲಿ ಸೇರೋಣ. ಹಂಡೆ ನಾನು ತರ್ತೀನಿ. ಗಸಿ ಚನ್ನರಾಯಪಟ್ಟಣದಿಂದ. ಜರಡಿ ಚೌಕಟ್ಟು ಮೇಷ್ಟ್ರದ್ದು. ಹತ್ತಿ ಬಟ್ಟೆ ಬೇಕು, ಬಿಳೀದು, ಪೂರ್ತಿ ಹತ್ತಿ. ಯಾರ ಮನೇಲಾದರೂ ಹಳೇ ಪಂಚೆ ಇದ್ದರೆ ಹೇಳಿ.

ಬಿಕ್ಕೋಡು ಬೆಳೆಗಾರ

ಇದರಿಂದ ಆನೆ ಕಾಟ ಒಂದು ಕೂದಲಷ್ಟೂ ಕಡಿಮೆ ಆಗಲ್ಲ, ಅದು ನನಗೆ ಗೊತ್ತು, ನಿನಗೂ ಗೊತ್ತಿರಲಿ. ಅಪ್ಪ ಹೋಗಿ ನಾಲ್ಕು ವರ್ಷ, ಅವರ ಪಂಚೆ ಆರೇಳು ಪೆಟ್ಟಿಗೆಯಲ್ಲಿ ಹಾಗೇ ಇದೆ. ಕಾಡಿನ ಲದ್ದಿ ಮುಟ್ಟಲ್ಲ, ಯಾರನ್ನೂ ಮುಟ್ಟೋಕೆ ಬಿಡಲ್ಲ ಅಂತ ಮಾತು ಕೊಟ್ಟರೆ ತಂದು ಕೊಡ್ತೀನಿ.

ಮಂಜ್ರಾಬಾದ್ ತೋಟದವಳು

ಕೊಟ್ಟೆ ಅಣ್ಣಾ. ಒಂದು ಪಂಚೆ ಮನೇಲೇ ಇಟ್ಟುಕೊಳ್ಳಿ.

ಕೊಪ್ಪದ ಸಿಸ್ಟರ್

ಗ್ಲೌಸು ಒಂದು ಡಬ್ಬಿ ನನ್ನ ಕಡೆಯಿಂದ. ಬಸ್ಸಲ್ಲಿ ಕಳಿಸ್ತೀನಿ, ಬೇಲೂರು ಬಸ್‌ಸ್ಟ್ಯಾಂಡಿಗೆ ಯಾರಾದರೂ ಬರಬೇಕು.